ಮುನ್ನೂರರಲ್ಲಿ ನಿಂತ ಅಲೆ

ಅಲೆ ಮುನ್ನೂರಕ್ಕೆ ಏರಿತು. ಅಲ್ಲಿಂದ ಮುಂದೆ ಕದಲಲಿಲ್ಲ.

ಇದಾಲ್ಮಿಸ್ ಅಳತೆಯಂತ್ರದ ಪರದೆಯಿಂದ ಕಣ್ಣು ಕೀಳದೆ ಕೈಯೆತ್ತಿ ಸನ್ನೆ ಮಾಡಿದಳು. ಗೋದಾಮಿನ ನಡುವೆ ಮರ, ರಟ್ಟು, ಬಟ್ಟೆಗಳಿಂದ ಕಟ್ಟಿ ನಿಲ್ಲಿಸಿದ್ದ ದೈತ್ಯ ಏಡಿಯ ಚಿಪ್ಪಿನೊಳಗೆ ಅವಳ ತಮ್ಮ ಅಬ್ದಿಯೇಲ್ ಕೂತಿದ್ದ. ಅವನು ಕರೆಂಟು ಏರಿಸುವ ಗುಂಡಿಯನ್ನು ಇನ್ನೊಂದಿಷ್ಟು ತಿರುಗಿಸಿದ. ಏಡಿಯ ಬೆನ್ನ ಮೇಲಿನ ತಾಮ್ರದ ಸುರುಳಿಯ ತುದಿಯಿಂದ ನೇರಳೆ ಮಿಂಚು ಛಟಛಟನೆ ಹೊಮ್ಮಿ, ಮೊದಲಿಗಿಂತ ಒಂದು ಮೊಳ ಉದ್ದಕ್ಕೆ ನಾಲಿಗೆ ಚಾಚಿತು. ಹೊರಗೆ ಬೀದಿಯಲ್ಲಿ ಬಡಾವಣೆಯ ಡೋಲಿನವರು ಬೇಕೆಂದೇ ಜೋರಾಗಿ ಬಾರಿಸುತ್ತಿದ್ದರು. ಒಳಗಿನ ಸದ್ದು ಆ ಗದ್ದಲದಲ್ಲಿ ಮುಳುಗಿಹೋಗಬೇಕೆಂಬುದೇ ಅವರಿಗೆ ವಹಿಸಿದ್ದ ಕೆಲಸ.

ಮಿಂಚು ಬೆಳೆದಿತ್ತು. ಪರದೆಯ ಮೇಲಿನ ಅಲೆ ಬೆಳೆದಿರಲಿಲ್ಲ.

"ಎಷ್ಟಕ್ಕಾ?" ಚಿಪ್ಪಿನ ಸಂದಿಯಿಂದ ತಮ್ಮ ಕೂಗಿದ.

"ಮುನ್ನೂರು."

"ಆಗ್ಲೂ ಮುನ್ನೂರು, ಈಗ್ಲೂ ಮುನ್ನೂರು! ಬಂಗಾರದಂಥ ಸರ್ಕ್ಯೂಟು ಕಣೇ ನಂದು!"

ಬಡಾವಣೆಯ ಹಿರಿಯ ನಿಕಾನೋರ್ ಹೊಟ್ಟೆ ಕುಣಿಸಿ ನಕ್ಕ. "ಐನೂರು ಆಂಪಿಯರ್ ತನಕ ತಾಳತ್ತೆ ಅಂದಿದ್ದು ನೀನೇ ತಾನೇ? ಮತ್ಯಾಕೆ ಮೂತಿ ಊದಿಸ್ಕೊಂಡಿದೀಯ ಮಗಳೇ? ಇನ್ನೂ ತಿರುಗ್ಸೋ ಅಬ್ದಿ! ಕೊಕ್ಕರೆಗಳ ರೆಕ್ಕೆ ಪುಕ್ಕ ಎಲ್ಲಾ ಸುಟ್ಟುಹೋಗ್ಬೇಕು ನಾಳೆ!"

ನಾಳೆಯೆಂದರೆ ಕ್ರಿಸ್ಮಸ್ಸಿನ ಹಿಂದಿನ ರಾತ್ರಿ. ಏಡಿ ಬಡಾವಣೆ, ಕೊಕ್ಕರೆ ಬಡಾವಣೆಗಳೆಂದು ಸೀಳಿಕೊಂಡಿದ್ದ ಆ ಕಡಲತೀರದ ಊರು ಇಡೀ ವರ್ಷ ಕಾಯುವುದು ಆ ಒಂದು ರಾತ್ರಿಗಾಗಿಯೇ. ಎರಡೂ ಕಡೆಯವರು ಬೀಗ ಹಾಕಿದ ಗೋದಾಮಿನಲ್ಲಿ ತಮ್ಮ ರಥವನ್ನು ಕಟ್ಟಿ, ಚೌಕಕ್ಕೆ ಎಳೆತಂದು, ಎದುರಾಳಿಯ ಬಾಯಿ ಕಟ್ಟಿಸಬೇಕು. ಏನು ಕಟ್ಟುತ್ತಿದ್ದೇವೆಂದು ಹೊರಗೆ ಬಾಯಿಬಿಟ್ಟವರನ್ನು ಊರು ಮರೆಯುವುದಿಲ್ಲ. ನಿಕಾನೋರನ ಅಜ್ಜಿಯ ತಂಗಿ ಯಾವುದೋ ಕಾಲದಲ್ಲಿ ಬಾಯಿಬಿಟ್ಟಿದ್ದಳಂತೆ. ಅವಳ ಹೆಸರನ್ನು ಇಂದಿಗೂ ಬೈಗುಳವಾಗಿ ಬಳಸುತ್ತಾರೆ.

ಇದಾಲ್ಮಿಸ್ ಹುಟ್ಟಿದ್ದು ಏಡಿ ಬಡಾವಣೆಯಲ್ಲಿ. ಅವಳ ಗಂಡ ಎವೇಲಿಯೋ ಕೊಕ್ಕರೆ. ಇಬ್ಬರೂ ಒಂದೇ ಮೇಜಿನ ಮೇಲೆ ಊರಿನ ಟಿವಿ, ರೇಡಿಯೋಗಳನ್ನು ರಿಪೇರಿ ಮಾಡಿ ಬದುಕುವವರು. ಆದರೆ ಡಿಸೆಂಬರ್ ಬಂತೆಂದರೆ ಅವನು ಬಟ್ಟೆ ಕಟ್ಟಿಕೊಂಡು ತಾಯಿಯ ಮನೆ ಸೇರುತ್ತಾನೆ. ಹಬ್ಬ ಮುಗಿಯುವವರೆಗೆ ಗಂಡಹೆಂಡಿರ ನಡುವೆ ಮಾತಿಲ್ಲ. ಇದು ಮದುವೆಯ ದಿನವೇ ಆಗಿದ್ದ ಒಪ್ಪಂದ. ಊರಿನ ಅರ್ಧ ಮನೆಗಳ ಕಥೆಯೂ ಇದೇ.

"ನಿಲ್ಸು," ಎಂದಳು ಇದಾಲ್ಮಿಸ್. ಮಿಂಚು ಆರಿತು. "ಅಬ್ದಿ, ಹೊರಗೆ ಬಾ."

"ಯಾಕಕ್ಕಾ? ಕರೆಂಟು ಹೋಗೋದ್ರೊಳಗೆ ಮುಗಿಸ್ಬೇಕು!"

"ಬಾ ಅಂದೆ."

ಅವಳ ಕಣ್ಣು ಚಿಪ್ಪಿನೊಳಗಿನ ಹಲಗೆಯತ್ತ ಹೋಯಿತು. ಹಾಳಾದ ವೆಲ್ಡಿಂಗ್ ಯಂತ್ರಗಳಿಂದ ಕಿತ್ತುತಂದ, ಬೆಂಕಿಪೊಟ್ಟಣದ ಗಾತ್ರದ ನಾಲ್ಕು ಟ್ರಾನ್ಸಿಸ್ಟರುಗಳು ಅಲ್ಲಿ ಸಾಲಾಗಿ ಕೂತಿದ್ದವು. ಕ್ಷಣಮಾತ್ರಕ್ಕೆ ಐನೂರು ಆಂಪಿಯರುಗಳನ್ನು ತಾಳಬಲ್ಲವು. ಮೀರಿದರೆ ಅವು ಸುಮ್ಮನೆ ಸುಡುವುದಿಲ್ಲ, ಸಿಡಿಯುತ್ತವೆ. ಅಂಥದ್ದೊಂದು ಸಿಡಿದಾಗ ಹಾರಿದ ಚೂರು ಅವಳ ಕಾರ್ಯಾಗಾರದ ಬಾಗಿಲಿನಲ್ಲಿ ಇಂದಿಗೂ ನೆಟ್ಟುಕೊಂಡಿದೆ. ಚಿಪ್ಪಿನ ಇಕ್ಕಟ್ಟಿನಲ್ಲಿ ಅಬ್ದಿಯೇಲನ ಮುಖಕ್ಕೂ ಆ ಸಾಲಿಗೂ ಒಂದು ಗೇಣಿನ ಅಂತರ. ನಡುವೆ ತಡೆಹಲಗೆ ತೂರಿಸಲೂ ಜಾಗವಿಲ್ಲ. ಮಿಂಚನ್ನು ಏರಿಸಿ ಇಳಿಸುವ ಗುಂಡಿಯೂ ಅಲ್ಲೇ ಇದ್ದುದರಿಂದ ನಾಳೆ ಅವನು ಒಳಗೆ ಕೂರಲೇಬೇಕು.

ಅವಳು ಪರದೆಯ ಮೇಲೆ ಹಿಡಿದಿಟ್ಟ ಅಲೆಯನ್ನು ಹಿಗ್ಗಿಸಿ ನೋಡಿದಳು. ಪ್ರವಾಹದ ಅಲೆಗೆ ಬೋಳುಗುಡ್ಡದಂತೆ ದುಂಡುತಲೆಯಿರಬೇಕು. ಇಲ್ಲಿ ಪ್ರತಿಯೊಂದು ಅಲೆಯ ತಲೆಯನ್ನೂ ಯಾರೋ ಕತ್ತಿಯಿಂದ ಸಪಾಟಾಗಿ ಕಡಿದಂತಿತ್ತು.

ಅಳೆಯುವ ಬಗೆ ಸರಳವಾಗಿತ್ತು. ಸುರುಳಿಗೆ ಹೋಗುವ ದಪ್ಪ ತಂತಿ, ತೆಳುತಂತಿ ಸುತ್ತಿದ ಒಂದು ಬಳೆಯ ನಡುವೆ ಹಾದುಹೋಗುತ್ತಿತ್ತು. ಬಳೆಯಲ್ಲಿ ಹುಟ್ಟಿದ ಪುಟ್ಟ ಪ್ರವಾಹ ಒಂದು ರೆಸಿಸ್ಟರಿನ ಮೇಲೆ ವೋಲ್ಟೇಜಾಗಿ ಪರದೆಗೆ ಬರುತ್ತಿತ್ತು. ಅವಳು ಅದರ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ರೆಸಿಸ್ಟರನ್ನು ಜೋಡಿಸಿದಳು. ಈಗ ಅಲೆ ಅರ್ಧಕ್ಕೆ ಇಳಿಯಲೇಬೇಕು. ಖಾಲಿ ಚಿಪ್ಪಿಗೆ ಗೋಡೆಯ ಸ್ವಿಚ್ಚಿನಿಂದ ಕ್ಷಣಕಾಲ ಕರೆಂಟು ಕೊಟ್ಟಳು.

ಅಲೆ ಕೂದಲೆಳೆಯಷ್ಟೂ ಇಳಿಯಲಿಲ್ಲ.

"ಇದು ಸುಳ್ಳು ಹೇಳ್ತಿದೆ ಮಾಮ. ಅರ್ಧ ಮಾಡಿದ್ರೂ ಮುನ್ನೂರೇ ತೋರಿಸ್ತಿದೆ ಅಂದ್ರೆ, ನಿಜವಾದ ಕರೆಂಟು ಆರ್ನೂರು ದಾಟಿದೆ. ಎಷ್ಟು ದಾಟಿದೆಯೋ ಗೊತ್ತಿಲ್ಲ."

ನಿಕಾನೋರನ ನಗು ಮಾಯವಾಯಿತು. "ಯಂತ್ರ ಯಾರ್ದು?"

"ನಮ್ಮನೇದು."

"ನಿಮ್ಮನೇದೋ, ನಿನ್ ಗಂಡಂದೋ? ಕೊಕ್ಕರೆ ಕೈಯಾಡ್ಸಿರೋ ಯಂತ್ರ ಹೇಳಿದ್ದಕ್ಕೆಲ್ಲ ಹೆದ್ರಿ ನಾವು ಮಿಂಚನ್ನ ಮೋಟು ಮಾಡ್ಬೇಕಾ? ಅವನಿಗೆ ಬೇಕಾಗಿರೋದೂ ಅದೇ ಅಲ್ವಾ?"

"ನಾನಂತೂ ಕೂರ್ತೀನಿ," ಎಂದ ಅಬ್ದಿಯೇಲ್. "ಮೊದ್ಲನೇ ಲೆಕ್ಕವೇ ಸರಿ. ಈಗ ನೀನೇ ಏನೋ ಎಡವಟ್ಟು ಮಾಡಿದೀಯ."

"ಮುಖ ಹೋಗತ್ತೋ ದಡ್ಡ!"

"ನಂದೇನು ಮಹಾ ಸುಂದರ ಮುಖವಾ ಅಕ್ಕ?" ಎಂದು ಅವನು ನಕ್ಕ. ಅವಳು ಯಂತ್ರದ ವೈರನ್ನು ತುದಿಯಿಂದ ಬುಡದವರೆಗೆ ಬೆರಳಿನಿಂದ ಸವರುತ್ತಾ ಹೋದಳು.

ಬಳೆಗೂ ಪರದೆಗೂ ನಡುವೆ ಉಳಿದಿದ್ದು ಒಂದೇ ವಸ್ತು: ವೈರಿನ ಬುಡದಲ್ಲಿದ್ದ, ರಾಳ ಸುರಿದು ಮುಚ್ಚಿದ ಕಪ್ಪು ಪೆಟ್ಟಿಗೆ. ಕಳೆದ ಬೇಸಿಗೆಯಲ್ಲಿ ಯಾರದೋ ಟಿವಿಯನ್ನು ಪರೀಕ್ಷಿಸುವಾಗ ಯಂತ್ರದ ಒಂದು ಭಾಗ ಸುಟ್ಟುಹೋಗಿತ್ತು. ಊರಿಗೆಲ್ಲ ಅದೊಂದೇ ಯಂತ್ರ, ಹೋದರೆ ಹೋದಂತೆಯೇ. ಸರಿಯಾದ ಮೇಲೆ ಎವೇಲಿಯೋ ಆ ಪೆಟ್ಟಿಗೆಯನ್ನು ಸೇರಿಸಿದ್ದ. ಒಳಗೇನಿದೆಯೆಂದು ಅವಳು ಕೇಳಿರಲಿಲ್ಲ. ಪೆಟ್ಟಿಗೆಯಿಲ್ಲದ ಹಳೆಯ ವೈರು ಇದ್ದುದು ಅವನ ಬಳಿ, ಅವನ ತಾಯಿಯ ಮನೆಯಲ್ಲಿ.

ಕೇಳಿದರೆ ಅವನಿಗೆ ಎಲ್ಲವೂ ತಿಳಿದುಹೋಗುತ್ತದೆ. ಕೇಳದಿದ್ದರೆ ತಮ್ಮ ನಾಳೆ ಚಿಪ್ಪಿನೊಳಗೆ ಕೂರುತ್ತಾನೆ.

ಅವಳು ಏಪ್ರನ್ ಕಳಚಿಟ್ಟು ಹೊರನಡೆದಳು. "ಎಲ್ಲಿಗೆ ಹುಡುಗೀ?" ಎಂದು ನಿಕಾನೋರ್ ಕೂಗಿದ್ದು ಡೋಲಿನ ಸದ್ದಿನಲ್ಲಿ ಮುಳುಗಿತು.

ಚೌಕ ದಾಟಿದೊಡನೆ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಡಿಸೆಂಬರಿನಲ್ಲಿ ಏಡಿಯೊಂದು ಕೊಕ್ಕರೆಗಳ ಬೀದಿಗೆ ಬರುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಅತ್ತೆ ಸೆನಾಯ್ದಾ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಮರಗೆಣಸಿನ ಸಿಪ್ಪೆ ಸುಲಿಯುತ್ತಿದ್ದಳು.

"ಅಯ್ಯೋ, ನೋಡ್ರೇ! ಏಡಿ ಅಡ್ಡಡ್ಡ ನಡ್ಕೊಂಡು ಬಾಗ್ಲಿಗೇ ಬಂದಿದೆ. ಸೋಲೊಪ್ಕೊಳಕ್ಕೆ ಬಂದ್ಯಾ ಸೊಸೆ?"

"ಎವೇಲಿಯೋನ ಕರೀರಿ ಅತ್ತೆ."

ಅವಳ ದನಿಯಲ್ಲೇನಿತ್ತೋ, ಮುದುಕಿ ಮರಗೆಣಸನ್ನು ಬದಿಗಿಟ್ಟು ಒಳಗೆ ಹೋದಳು. ಎವೇಲಿಯೋ ಬಂದ. ಅವನ ಕೈಗಳಲ್ಲಿ ಬೆಳ್ಳಿಬಣ್ಣ ಮೆತ್ತಿತ್ತು. ಅವಳು ಕಂಡಳೆಂದು ತಿಳಿದೊಡನೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಆ ಕಪ್ಪು ಪೆಟ್ಟಿಗೇಲಿ ಏನಿಟ್ಟಿದೀಯ?"

"ಯಾಕೆ?"

"ಕೇಳ್ಬೇಡ. ಹೇಳು ಅಷ್ಟೇ."

"ಎರಡು ಡಯೋಡು. ಮೂವತ್ತು ವೋಲ್ಟ್ ದಾಟಿದ್ದನ್ನೆಲ್ಲ ಕಡಿದುಹಾಕತ್ತೆ. ಯಂತ್ರ ಮತ್ತೆ ಸುಡ್ದೇ ಇರ್ಲಿ ಅಂತ."

ಮೂವತ್ತು ವೋಲ್ಟ್. ಅವಳ ಬಳೆಯ ಲೆಕ್ಕದಲ್ಲಿ ಅದು ಸರಿಯಾಗಿ ಮುನ್ನೂರು ಆಂಪಿಯರ್.

"ಒಂದು ಮಾತು ಹೇಳ್ಬಾರ್ದಿತ್ತಾ?"

"ಟಿವಿ ರಿಪೇರಿಗೆ ಅಷ್ಟು ಸಾಕು ಅಂದ್ಕೊಂಡೆ. ನೀನು ಡಿಸೆಂಬರಲ್ಲಿ ಏನು ಅಳೀತೀಯ ಅಂತ ನಾನು ಕೇಳೋ ಹಾಗಿಲ್ವಲ್ಲ, ಇದಾಲ್ಮಿಸ್." ಅವನ ಹುಬ್ಬುಗಳು ಮೆಲ್ಲನೆ ಗಂಟಾದವು. ಮೂವತ್ತು ವೋಲ್ಟ್ ಮೀರುವಂಥದ್ದು, ಗೋದಾಮು, ಎರಡು ವಾರದಿಂದ ಹೊತ್ತಲ್ಲದ ಹೊತ್ತಿನಲ್ಲಿ ಬಡಿಯುವ ಡೋಲು. ಅವನು ಒಂದೊಂದಾಗಿ ಪೋಣಿಸುತ್ತಿರುವುದು ಅವಳಿಗೆ ಕಾಣುತ್ತಿತ್ತು, ತಡೆಯುವ ದಾರಿಯಿರಲಿಲ್ಲ.

"ಒಳಗೆ ಯಾರು ಕೂರೋದು?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ಅಬ್ದಿ."

ಎವೇಲಿಯೋ ಒಳಹೋಗಿ ಹಳೆಯ ವೈರನ್ನು ತಂದು, ಬೀದಿಯ ಕಿಟಕಿಗಳಿಗೆ ಬೆನ್ನು ಮಾಡಿ ಅವಳ ಕೈಗಿತ್ತ. "ಇದ್ರಲ್ಲಿ ವೋಲ್ಟೇಜನ್ನ ಹತ್ತರಲ್ಲೊಂದು ಪಾಲಿಗೆ ಇಳಿಸೋ ಸ್ವಿಚ್ಚಿದೆ, ಅದಕ್ಕೆ ಹಾಕೇ ನೋಡು, ಇಲ್ದಿದ್ರೆ ಯಂತ್ರ ಹೋಗತ್ತೆ. ಹೋಗು."

ಗೋದಾಮಿನಲ್ಲಿ ಎಲ್ಲರ ಕಣ್ಣೂ ಅವಳ ಕೈಯಲ್ಲಿದ್ದ ವೈರಿನ ಮೇಲೆ ನೆಟ್ಟಿತು. ಅವಳು ಹೆಚ್ಚಿನ ರೆಸಿಸ್ಟರನ್ನು ಕಿತ್ತು, ಹಳೆಯ ವೈರನ್ನು ಸಿಕ್ಕಿಸಿ, ಅವನು ಹೇಳಿದ ಸ್ವಿಚ್ಚಿಗೆ ಹಾಕಿ, ಚಿಪ್ಪು ಖಾಲಿಯಿದೆಯೆಂದು ಬಗ್ಗಿ ನೋಡಿ, ಗೋಡೆಯ ಸ್ವಿಚ್ಚನ್ನು ಒತ್ತಿದಳು.

ಅಲೆಗಳು ದುಂಡುತಲೆ ಎತ್ತಿಕೊಂಡು ಏರಿದವು. ಮುನ್ನೂರು ದಾಟಿದವು, ಐನೂರು ದಾಟಿದವು, ಆರುನೂರ ಎಂಬತ್ತಕ್ಕೆ ಹೋಗಿ ಮುಟ್ಟಿದವು. ಅವಳು ಸ್ವಿಚ್ಚನ್ನು ಆರಿಸಿದಳು. ಎರಡನೆಯ ರೆಸಿಸ್ಟರನ್ನು ಮತ್ತೆ ಸೇರಿಸಿ ಕ್ಷಣಕಾಲ ನೋಡಿದಳು. ಈ ಸಲ ಅಲೆ ಸರಿಯಾಗಿ ಅರ್ಧಕ್ಕೆ ಇಳಿಯಿತು. ಈ ವೈರು ಸುಳ್ಳು ಹೇಳುತ್ತಿರಲಿಲ್ಲ.

"ಅಬ್ದಿ, ಟಾರ್ಚು ಹಿಡಿ."

ಸಾಲಿನ ಮೂರನೆಯ ಟ್ರಾನ್ಸಿಸ್ಟರಿನ ಕಪ್ಪು ಮುಚ್ಚಳ ಕೂದಲೆಳೆಯಷ್ಟು ಬಿರಿದಿತ್ತು. ಬಿರುಕು ತೆರೆದುಕೊಂಡಿದ್ದು ಅವನು ಕೂರುವ ಕಡೆಗೇ. ಅಬ್ದಿಯೇಲ್ ಅದನ್ನು ಬೆರಳಿನಿಂದ ಸವರಿದ. ಬಳಿಕ ಅದೇ ಬೆರಳು ಅವನಿಗರಿವಿಲ್ಲದೆ ತನ್ನ ಕೆನ್ನೆಯ ಮೇಲೆ ಹೋಗಿ ನಿಂತಿತು. ಈ ಸಲ ಅವನು ನಗಲಿಲ್ಲ.

ನಿಕಾನೋರ್ ತಾನೇ ಚಿಪ್ಪಿನೊಳಗೆ ಕೈಹಾಕಿ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ. ಬಿರಿದದ್ದನ್ನು ತೆಗೆದು ಉಳಿದಿದ್ದ ಒಂದೇ ಒಂದನ್ನು ಕೂರಿಸಿದರು. ನಾನೂರರಲ್ಲಿ ಮಿಂಚು ಅರ್ಧಕ್ಕರ್ಧ ಮೋಟಾಯಿತು. ಚೆಂದವಾಗಿಯೇ ಇತ್ತು, ಆದರೆ ಬಾಯಿ ಕಟ್ಟಿಸುವಷ್ಟಲ್ಲ. ಪುಟ್ಟ ಲೋಟಗಳಲ್ಲಿ ಬಂದ ಕಾಫಿಯನ್ನು ಯಾರೂ ಮುಟ್ಟಲಿಲ್ಲ.

"ಅವನಿಗೆ ಗೊತ್ತಾಯ್ತಾ?" ಕೊನೆಗೆ ಮುದುಕ ಕೇಳಿದ.

"ಗೊತ್ತಾಯ್ತು ಮಾಮ."

"ಹಾಗಾದ್ರೆ ಸಂಜೆ ಮೆರವಣಿಗೇಲಿ ಕೇಳಿಸ್ಕೊಳೋಣ."

ಹಬ್ಬದ ಹಿಂದಿನ ಸಂಜೆ ಕೊಕ್ಕರೆಗಳು ಏಡಿ ಬಡಾವಣೆಯ ನಡುವೆ ಹಾದು, ಎದುರಾಳಿಯ ಗುಟ್ಟುಗಳನ್ನು ಹಾಡು ಕಟ್ಟಿ ಹಂಗಿಸುತ್ತಾರೆ. ಇಳಿಬಿಸಿಲಿನಲ್ಲಿ ತುತ್ತೂರಿಗಳು ಮೊಳಗಿದವು. ಇದಾಲ್ಮಿಸ್ ಗೋದಾಮಿನ ಬಾಗಿಲಲ್ಲಿ ನಿಂತಳು. ಅವಳ ಪಕ್ಕದಲ್ಲಿ ಒಬ್ಬೊಬ್ಬರಾಗಿ ಉಳಿದವರೂ ಬಂದು ನಿಂತರು. ಯಾರೂ ಅವಳಿಗೆ ಮೈ ತಾಕಿಸಲಿಲ್ಲ.

ಕೊಕ್ಕರೆಗಳು ಹಾಡಿದರು. ಹೋದ ವರ್ಷ ಚರಂಡಿಗೆ ಸಿಕ್ಕಿಕೊಂಡ ಏಡಿ ರಥದ ಚಕ್ರವನ್ನು ಹಾಡಿದರು. ನಿಕಾನೋರನ ಹೊಟ್ಟೆಯನ್ನು ಎರಡು ಚರಣಗಳಷ್ಟು ಹಾಡಿದರು. ಹೊಸ್ತಿಲಿಗೆ ಬಂದ ಏಡಿ ಸೊಸೆಯನ್ನೂ ಬಿಡಲಿಲ್ಲ: ಗಂಡನಿಲ್ಲದೆ ನಿದ್ದೆ ಬಾರದೆ ಓಡಿಬಂದಳೆಂದು ಹಾಡಿ ಕೇಕೆ ಹಾಕಿದರು.

ಅವಳು ಒಂದೊಂದು ಸಾಲನ್ನೂ ಕಿವಿಗೊಟ್ಟು ಕೇಳಿದಳು. ಮಿಂಚು ಎಂಬ ಶಬ್ದ ಬರಲಿಲ್ಲ. ಕೊನೆಯ ಸಾಲೂ ಮುಗಿಯಿತು. ಬರಲೇ ಇಲ್ಲ.

"ಹೇಳಿಲ್ಲ," ಎಂದ ಅಬ್ದಿಯೇಲ್, ನಂಬಲಾರದೆ. "ಭಾವ ಹೇಳಿಲ್ಲ ಅಕ್ಕ!"

ಎವೇಲಿಯೋ ಗುಂಪಿನ ಅಂಚಿನಲ್ಲಿ ಕಬ್ಬಿಣದ ಗಂಟೆ ಬಾರಿಸುತ್ತಾ ಬರುತ್ತಿದ್ದ. ಅವಳ ಮುಂದೆ ಹಾಯುವಾಗ ಕಣ್ಣನ್ನು ರಸ್ತೆಯಿಂದೆತ್ತಲಿಲ್ಲ. ಅವನ ಬೆನ್ನ ಹಿಂದೆಯೇ ಅವನ ಅಣ್ಣಂದಿರು, ಮಾವಂದಿರು, ಹುಟ್ಟಿನಿಂದ ಜೊತೆಗಿದ್ದ ಗೆಳೆಯರು ನಗುತ್ತಾ ಬರುತ್ತಿದ್ದರು. ಅವಳು ಅವನ ಹೊಸ್ತಿಲಲ್ಲಿ ನಿಂತದ್ದನ್ನು ಆ ಬೀದಿಯೆಲ್ಲ ನೋಡಿದೆ. ನಾಳೆ ಏಡಿಯ ಬೆನ್ನ ಮೇಲೆ ಮಿಂಚು ಎದ್ದ ಕ್ಷಣ ಇವನಿಗೆ ಗೊತ್ತಿದ್ದೂ ನಮಗೆ ಹೇಳಲಿಲ್ಲವೆಂದು ಅವರೆಲ್ಲ ಒಟ್ಟಿಗೆ ತಿರುಗಿ ಅವನನ್ನು ನೋಡುತ್ತಾರೆ.

ಚೌಕದತ್ತ ತಿರುಗುವ ಮೂಲೆಯಲ್ಲಿ ಅವನ ಗಂಟೆಯ ತಾಳ ಒಮ್ಮೆ ತಪ್ಪಿತು. ಪಕ್ಕದವನು ಏನೋ ಹೇಳಿ ಅವನ ಹೆಗಲು ತಟ್ಟಿದ. ಎವೇಲಿಯೋ ತಲೆಯಾಡಿಸಿ, ಮತ್ತೆ ತಾಳ ಹಿಡಿದು, ಅವರ ನಡುವೆ ಸೇರಿ ಮುಂದೆ ನಡೆದ.