ದೀಪಕ್ಕೆ ಹಚ್ಚಿದ ವಿಭೂತಿ

ಪೆರಾಕ್ಸೈಡ್ ಕಡಿಮೆಯಾಯಿತೇ? ಇಲ್ಲ, ತಾನು ಕಲಿತದ್ದೇ ತಪ್ಪೇ? ಕೆಮಿಸ್ಟ್ ಸಮಿತ್ ನೀರಿನ ಗಾಜಿನ ಲೋಟವನ್ನು ಮತ್ತೆ ಕಿಟಕಿಯ ಬೆಳಕಿಗೆ ಹಿಡಿದ. ಡೊಂಬಿವಲಿ ಕೈಗಾರಿಕಾ ಪ್ರದೇಶದ ಆ ಬಣ್ಣ ತಯಾರಿಸುವ ಕಾರ್ಖಾನೆಯ ಕೊಳೆನೀರು ದಸರಾ ಹಬ್ಬದವರೆಗೆ ತಿಳಿಯಾಗಿಯೇ ಹೊರಬರುತ್ತಿತ್ತು. ಪೆರಾಕ್ಸೈಡ್ ಬೆರೆಸಿ ಅತಿನೇರಳೆ ದೀಪಗಳ ಸುತ್ತ ಹರಿಸಿದರೆ ಬಣ್ಣದ ರಾಸಾಯನಿಕ ಒಡೆದುಹೋಗಬೇಕು. ಇಂದು ದಾಸವಾಳದ ಕೆಂಪು ಹಾಗೇ ಉಳಿದಿತ್ತು.

ಯಂತ್ರ ನಿಲ್ಲಿಸಿ, ಗಾಜಿನ ಕೊಳವೆಯೊಳಗಿಂದ ದೀಪವೊಂದನ್ನು ಎಳೆದ. ಉದ್ದಕ್ಕೂ ಮೂರು ಮೂರು ಬೆರಳಿನ ಬೂದುಪಟ್ಟೆ, ಕಾವಿಗೆ ಸುಟ್ಟು ಕಚ್ಚಿಕೊಂಡಿತ್ತು. ಎಲ್ಲ ದೀಪಗಳೂ ಹಾಗೇ.

ಆಯುಧಪೂಜೆಯಂದು ಒರೆಸಲು ಅವನ್ನು ಹೊರತೆಗೆದವನು ಮಾಪಣ್ಣ, ಕಲಬುರಗಿ ಕಡೆಯ ಆಪರೇಟರ್. "ದುಡಿಯೋದು ದೀಪ, ಡಬ್ಬಿಗೆ ವಿಭೂತಿ ಹಚ್ಚಿದ್ರ ಏನ್ ಬಂತ್ರಿ?" ಎಂದು ಯಂತ್ರದ ಹೊರಡಬ್ಬಿ ತೋರಿಸಿ ಅಂದು ಅವನು ನಕ್ಕಿದ್ದ. ಸಮಿತ್ ಅದನ್ನು ತಮಾಷೆ ಎಂದುಕೊಂಡಿದ್ದ.

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ತಿಕ್ಕಿ ಮುಗಿಸುವಷ್ಟರಲ್ಲಿ ಮಾಲೀಕ ಪುಂಡರೀಕಾಕ್ಷ ಒಳಬಂದರು. ಕೆಂಪು ನೀರನ್ನೂ ಬೂದು ಹತ್ತಿಯನ್ನೂ ನೋಡಿದರು.

"ಎಂತ ಮಾರಾಯಾ ಇದು? ದೀಪಕ್ಕೆ ಕೈ ಹಾಕಿದ್ದು ಯಾರು? ಅವ ನಾಳೆಯಿಂದ ಬರುವುದು ಬೇಡ."

ಬಾಗಿಲಲ್ಲಿ ಮಾಪಣ್ಣ ನಿಂತಿದ್ದ, ಹಣೆಯಲ್ಲಿ ಬೆಳಗಿನ ವಿಭೂತಿ. ಪ್ರಶ್ನೆ ತನ್ನ ಕುರಿತದ್ದೆಂಬ ಸುಳಿವೇ ಆ ಮುಖದಲ್ಲಿರಲಿಲ್ಲ. ಕೇಳಿದರೆ ಹೆಮ್ಮೆಯಿಂದಲೇ ಹೇಳಿಬಿಡುತ್ತಿದ್ದ.

"ನಾನೇ ಸರ್," ಎಂದ ಸಮಿತ್. "ಗ್ಲೌಸ್ ಇಲ್ಲದೆ ಮುಟ್ಟಿದೆ. ಕೈಯ ಜಿಡ್ಡು ದೀಪದ ಮೇಲೆ ಸುಟ್ಟು ಕೂತಿದೆ."

"ನೀನಾ! ಎಮ್ಮೆಸ್ಸಿ ಓದಿದ್ದು ಎಂತ ಮಣ್ಣಿಗೆ? ಚಪಾತಿ ನಾದಿದ ಕೈಯಲ್ಲಿ ಮುಟ್ಟಿದೆಯಾ?" ಬೈದು ಬೈದು ಸಾಕಾಗಿ, ಬೇರೆ ಕೆಮಿಸ್ಟ್ ಇಲ್ಲದ್ದಕ್ಕೆ ಅಲ್ಲಿಗೇ ಬಿಟ್ಟು ಹೋದರು.

ಸಂಜೆಗೆ ನೀರು ತಿಳಿಯಾಯಿತು. ಮಾಪಣ್ಣ ಲೋಟ ಎತ್ತಿ ನೋಡಿ, ದನಿ ತಗ್ಗಿಸಿ ಬುದ್ಧಿ ಹೇಳಿದ.

"ಕೈ ತೊಳ್ಕೊಂಡು ಮುಟ್ಟಬೇಕ್ರಿ ಸಾಹೇಬ್ರ. ಏನೋ, ಪೂಜಿ ಆಗಿತ್ತಂತ ದೀಪ ಉಳದಾವ."

"ಹೌದು," ಎಂದ ಸಮಿತ್. ಲೋಟ ಇಸಿದುಕೊಂಡು, "ಮುಂದಿನ ವರ್ಷ ಡಬ್ಬಿಗೇ ಹಚ್ಚು ಮಾಪಣ್ಣ. ಗರ್ಭಗುಡಿಯ ದೇವರನ್ನು ಎಲ್ಲರೂ ಮುಟ್ಟುವುದಿಲ್ಲವಲ್ಲ."

"ನಮ್ ಕಡಿ ಮುಟ್ತೀವ್ರಿ," ಎಂದು ನಕ್ಕ ಮಾಪಣ್ಣ. "ಆಗ್ಲಿ, ನೀವ್ ಅಂದ್ರಂದ್ರ ಡಬ್ಬಿಗೇ ಹಚ್ತೀನಿ."

ಆಮೇಲೆ ಇಬ್ಬರೂ ಅದೇ ಯಂತ್ರದ ಬಳಿ ಬಹಳ ಕಾಲ ದುಡಿದರು. ಬೆಳಕನ್ನು ತಡೆದದ್ದು ಅವನ ವಿಭೂತಿ ಎಂದು ಸಮಿತ್ ಮಾಪಣ್ಣನಿಗೆ ಎಂದೂ ಹೇಳಲಿಲ್ಲ.