ಎರಡು ಬೆರಳು ಎಡಕ್ಕೆ

ಟೀವಿಯಲ್ಲಿ ಗಾಲ್ಫ್ ವಿವರಣೆ ಕೊಡುವವರು ಯಾಕೆ ಪಿಸುಗುಟ್ಟುತ್ತಾರೋ ಆ ದೇವರೇ ಬಲ್ಲ. ಆಟಗಾರ ಇರುವುದು ಅರ್ಧ ಮೈಲಿ ಆಚೆ. ಇವರು ಕೂತಿರುವುದು ಗೋಡೆಗೆಲ್ಲ ದಪ್ಪ ಬಟ್ಟೆ ಬಡಿದ ಒಂದು ಕತ್ತಲೆ ಡಬ್ಬಿಯಲ್ಲಿ. ಒಳಗೆ ತಮಟೆ ಬಡಿದರೂ ಹೊರಗೆ ಒಂದು ಹುಲ್ಲುಕಡ್ಡಿ ಅಲ್ಲಾಡದು. ಆದರೂ ಪಿಸಪಿಸ! ನಮ್ಮ ಸತ್ಯಣ್ಣನಿಗಂತೂ ಹದಿನೇಳು ವರ್ಷದಲ್ಲಿ ಅದು ಮೈಗೇ ಅಂಟಿಹೋಗಿ, ಮನೆಯಲ್ಲಿ ಉಪ್ಪು ಕೇಳುವುದನ್ನೂ ಗುಟ್ಟು ಹೇಳುವವನ ಹಾಗೆ ಕೇಳುತ್ತಿದ್ದ. "ಸ್ವಲ್ಪ ಗಂಟಲು ಬಿಟ್ಟು ಮಾತಾಡ್ರೀ, ಇದೇನು ಕಳ್ಳರ ಮನೇನಾ?" ಎಂದು ಹೆಂಡತಿ ರೇಗುತ್ತಿದ್ದಳು.

ಸತ್ಯಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಜನ ಕೊಟ್ಟದ್ದು. ಹತ್ತೊಂಬತ್ತು ವರ್ಷದ ಹಿಂದೆ, ಈಗ ಅವನು ವಿವರಣೆ ಕೊಡುವ ಇದೇ ಮೈದಾನದ ಹದಿನೆಂಟನೆಯ, ಅಂದರೆ ಕೊನೆಯ ಗುಳಿಯ ಬಳಿ, ಅವನ ಚೆಂಡು ಗುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನಿಂದ ಒಂದು ಹೆಜ್ಜೆ ಹೊರಗೆ ಉದ್ದ ಹುಲ್ಲಿನಲ್ಲಿ ಕೂತಿತ್ತು. ಎರಡು ಹೊಡೆತದಲ್ಲಿ ಗುಳಿಗೆ ಹಾಕಿದರೆ ವರ್ಷದ ದೊಡ್ಡ ಪಂದ್ಯ ಅವನದು. ಚೆಂಡಿನ ಹಿಂದೆ ಕೋಲು ಇಟ್ಟವನು ಇದ್ದಕ್ಕಿದ್ದಂತೆ ಹಿಂದೆ ಸರಿದು ಕೈ ಎತ್ತಿದ. "ಕೋಲು ತಾಗಿ ಚೆಂಡು ಅಲುಗಿತು. ಪೆನಾಲ್ಟಿ ಹಾಕಿ," ಎಂದ. ಯಾರೂ ನೋಡಿರಲಿಲ್ಲ. ಆದರೆ ಗಾಲ್ಫಿನಲ್ಲಿ ಆಟಗಾರ ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳಬೇಕು, ಅದೇ ಆ ಆಟದ ದೊಡ್ಡಸ್ತಿಕೆ. ಕಡಿಮೆ ಹೊಡೆದವನೇ ಗೆಲ್ಲುವ ಲೆಕ್ಕಕ್ಕೆ ಒಂದು ಹೊಡೆತ ಸೇರಿತು, ಪಂದ್ಯ ಕೈತಪ್ಪಿತು. ಜನ ಗೆದ್ದವನನ್ನು ಮರೆತು ಸೋತವನನ್ನು ತಲೆ ಮೇಲೆ ಹೊತ್ತು ಮೆರೆಸಿದರು. ಮಕ್ಕಳ ಪಠ್ಯಪುಸ್ತಕದಲ್ಲಿ ಅವನ ಚಿತ್ರ ಬಂತು. ಎರಡು ವರ್ಷದ ಮೇಲೆ ಟೀವಿಯವರು ಬಾಗಿಲಿಗೇ ಬಂದರು. ಪೆನಾಲ್ಟಿಯ ನಂತರವೂ ಎರಡರಲ್ಲಿ ಮುಗಿಸಿದ್ದರೆ ಪಂದ್ಯ ಸಮ ಆಗುತ್ತಿತ್ತು, ಇವನು ಮೂರು ಹೊಡೆದ ಎಂಬುದನ್ನು ಮಾತ್ರ ಒಬ್ಬರೂ ಎತ್ತಿ ಆಡಲಿಲ್ಲ.

ನಿಜ ಹೇಳಬೇಕೆಂದರೆ, ಚೆಂಡು ಅಲುಗಿರಲೇ ಇಲ್ಲ. ಅವನಿಗೆ ಹೆದರಿಕೆಯಾಗಿತ್ತು, ಅಷ್ಟೇ. ಕೈ ತಣ್ಣಗಾಗಿ, ಕೋಲು ಯಾರದ್ದೋ ಅನ್ನಿಸಿ, ಇಷ್ಟು ಹತ್ತಿರದಿಂದ ತಪ್ಪಿದರೆ ಜನ ನಗುತ್ತಾರಲ್ಲ ಎಂದು ಜೀವ ಬಾಯಿಗೆ ಬಂದಿತ್ತು. ಸೋಲುವುದಕ್ಕೆ ಒಂದು ಮರ್ಯಾದೆಯ ದಾರಿ ಬೇಕಿತ್ತು, ನಾಲಿಗೆಯೇ ಹುಡುಕಿ ಕೊಟ್ಟಿತು. ಆಮೇಲೆ ಹತ್ತೊಂಬತ್ತು ವರ್ಷ ಅವನ ಕನಸಿನಲ್ಲಿ ಆ ಚೆಂಡು ಉರುಳುತ್ತಲೇ ಇತ್ತು, ಗುಳಿ ಮುಟ್ಟುತ್ತಿರಲಿಲ್ಲ. ಹುಲ್ಲು ಉದ್ದವಾಗುತ್ತ ಹೋಗುತ್ತಿತ್ತು.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೂ. ಅವನ ಆಟದ ಚೀಲವನ್ನು ಹನ್ನೊಂದು ವರ್ಷ ಹೊತ್ತವಳು ಅಕ್ಕ. ಹೊತ್ತು ಹೊತ್ತು ಅವಳ ಬಲಭುಜ ಎಡದ್ದಕ್ಕಿಂತ ಒಂದು ಬೆರಳು ತಗ್ಗಿದೆ, ರವಿಕೆ ಹೊಲಿಯುವವರು ಈಗಲೂ ಎರಡು ಸಲ ಅಳೆಯುತ್ತಾರೆ. ಅವತ್ತು ಅವಳು ಚೆಂಡಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು ಇಳಿಜಾರು ನೋಡಿ, "ಎರಡು ಬೆರಳು ಎಡಕ್ಕೆ. ಮೆತ್ತಗೆ," ಎಂದಿದ್ದಳು. ಪೆನಾಲ್ಟಿಯ ಗಲಾಟೆಯಲ್ಲಿ ಅವನು ಅದನ್ನು ಕೇಳಿಸಿಕೊಳ್ಳದೆ ನೇರ ಹೊಡೆದಿದ್ದ. ಈಗ ಟೀವಿ ಡಬ್ಬಿಯಲ್ಲೂ ಅವಳು ಅವನ ಪಕ್ಕದಲ್ಲೇ ಕೂರುತ್ತಾಳೆ. ದೂರ, ಗಾಳಿ, ಇಳಿಜಾರು ಇಷ್ಟನ್ನು ಸಣ್ಣ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಮುಂದೆ ತಳ್ಳುತ್ತಾಳೆ. ಆ ದಿನದ ವಿಷಯ ಮಾತ್ರ ತೆಗೆದವಳಲ್ಲ.

ಈ ವರ್ಷದ ಪಂದ್ಯದ ಕೊನೆಯ ದಿನ. ಡಬ್ಬಿಯೊಳಗೆ ಆರು ಪರದೆಗಳ ಹಸಿರು ಬೆಳಕು ಕೆರೆಯ ತಳದ ಹಾಗೆ ತೂಗುತ್ತಿತ್ತು. ಹೊರಗೆ ಸಂಜೆಯ ಬಿಸಿಲು ವಾಲಿ, ಮರಗಳ ನೆರಳು ಹುಲ್ಲಿನ ಮೇಲೆ ನಿಧಾನಕ್ಕೆ ಚಾಚಿಕೊಳ್ಳುತ್ತಿತ್ತು. ಅಲ್ಲಿ ಕೂತರೆ ಸತ್ಯಣ್ಣನಿಗೆ ಇದು ಯಾವ ವರ್ಷ ಎಂಬುದೇ ಮರೆಯುತ್ತಿತ್ತು. ಒಂದು ಪರದೆಯಲ್ಲಿ ಇಪ್ಪತ್ತೆರಡರ ಹುಡುಗಿ ಕೊನೆಯ ಗುಳಿಯತ್ತ ನಡೆದು ಬರುತ್ತಿದ್ದಳು. ಗಂಡಸರ ಜೊತೆ ಸಮಸಮ ಆಡಿ ಮುಂದಿದ್ದವಳು ಅವಳೇ. ಬೆಳಿಗ್ಗೆ ಸಿಕ್ಕಾಗ, "ಸಾರ್, ಮೂರನೇ ಕ್ಲಾಸಲ್ಲಿ ನಿಮ್ಮ ಪಾಠ ಓದಿ ನಾನು ಈ ಆಟಕ್ಕೆ ಬಂದೆ. ಆಡಿದ್ರೆ ನಿಮ್ಮ ಹಾಗೆ ಆಡ್ಬೇಕು," ಎಂದಿದ್ದಳು. ಅವನು ನಕ್ಕು ಜಾರಿಕೊಂಡಿದ್ದ.

ಅವಳ ಚೆಂಡು ಹಾಸಿನ ಅಂಚಿನಲ್ಲಿ, ಅವತ್ತು ಅವನ ಚೆಂಡು ಕೂತಿದ್ದ ಜಾಗದಲ್ಲೇ, ಒಂದು ಹೆಜ್ಜೆ ಹೊರಗೆ ನಿಂತಿತ್ತು. ಎರಡು ಹೊಡೆತ ಸಾಕಿತ್ತು.

ಹುಡುಗಿ ಕೋಲು ಇಟ್ಟಳು. ಬೆರಳು ಬಿಚ್ಚಿದಳು, ಮಡಿಚಿದಳು. ಎರಡು ಸಲ ಉಗುಳು ನುಂಗಿದಳು. ಆಮೇಲೆ ಹಿಂದೆ ಸರಿದು ಕೈ ಎತ್ತಿದಳು.

"ಅಯ್ಯೋ ದೇವರೇ!" ಕಿವಿಯ ಯಂತ್ರದಲ್ಲಿ ನಿರ್ದೇಶಕನ ದನಿ ಕುಣಿಯಿತು. "ಚೆಂಡು ಅಲುಗಿತು ಅಂತಿದ್ದಾಳೆ ಸಾರ್! ನಿಮ್ಮದೇ ಕತೆ! ರೆಫರಿ ನಮ್ಮ ಚಿತ್ರ ನೋಡ್ಬೇಕಂತೆ, ನೋಡ್ಲಿ ಬಿಡಿ, ಹೇಗೂ ಅವಳೇ ಒಪ್ಕೊಂಡಿದ್ದಾಳಲ್ಲ. ನಿಮ್ಮ ಹಳೇ ಟೇಪು ರೆಡಿ ಇದೆ. ಹೇಳಿ ಸಾರ್, ನಿಮ್ಮ ಬಾಯಿಂದಾನೇ ಹೇಳಿ!"

ಆರನೆಯ ಪರದೆಯಲ್ಲಿ ಆ ಗಳಿಗೆ ನಿಧಾನಗತಿಯಲ್ಲಿ ಮತ್ತೆ ಓಡಿತು. ಚೆಂಡಿಗೆ ಒರಗಿದ ಒಂದು ಹುಲ್ಲೆಸಳ ತುದಿಯಲ್ಲಿ ನೀರಿನ ಹನಿ ಇತ್ತು. ಕೋಲು ಬಂತು, ಹೋಯಿತು, ಹನಿ ಇದ್ದಲ್ಲೇ ಇತ್ತು. ಅದಕ್ಕಿಂತ ಹೆಚ್ಚಾಗಿ ಸತ್ಯಣ್ಣ ನೋಡಿದ್ದು ಅವಳ ಕಣ್ಣನ್ನು. ಚೆಂಡು ಅಲುಗಿದರೆ ಯಾರೇ ಆಗಲಿ ಚೆಂಡು ನೋಡುತ್ತಾರೆ. ಅವಳು ನೋಡುತ್ತಿದ್ದದ್ದು ಜನರನ್ನು. ಅವತ್ತು ಅವನೂ ಗುಂಪಿನಲ್ಲಿದ್ದ ಯಾರದ್ದೋ ಕೆಂಪು ಟೋಪಿಯನ್ನು ನೋಡುತ್ತಿದ್ದ.

ಸುಮ್ಮನಿದ್ದರೆ ಸಾಕಿತ್ತು. ಅವಳಿಗೆ ಚಪ್ಪಾಳೆ ಬೀಳುತ್ತಿತ್ತು, ಪಾಠದಲ್ಲಿ ಇನ್ನೊಂದು ಚಿತ್ರ ಸೇರುತ್ತಿತ್ತು. ಆಮೇಲೆ ಅವಳ ಕನಸಿಗೂ ಒಂದು ಚೆಂಡು ಬರುತ್ತಿತ್ತು. ಸತ್ಯಣ್ಣ ಮೈಕು ಹತ್ತಿರಕ್ಕೆ ಎಳೆದುಕೊಂಡ. ಈ ಪುಟ್ಟಿಗೆ ಬೇಡಪ್ಪ ಅದು, ಅಂದುಕೊಂಡ.

"ಚೆಂಡು ಅಲುಗಿಲ್ಲ," ಎಂದ. ಪಿಸುಮಾತಲ್ಲ. ಗಂಟಲು ಬಿಟ್ಟು ಹೇಳಿದ ಮಾತು, ಅವನಿಗೇ ಅಪರಿಚಿತವಾಗಿ ಕೇಳಿಸಿತು. "ಆ ಹನಿ ನೋಡಿ, ಹಾಗೇ ಇದೆ. ಹುಡುಗಿ ಮೋಸ ಮಾಡ್ತಿಲ್ಲ, ಅವಳಿಗೆ ಭಯ ಆಗಿದೆ. ಭಯ ಆದಾಗ ಅಲುಗಿದ ಹಾಗೇ ಅನ್ಸುತ್ತೆ, ಅನ್ಸಲಿ ಅಂತಾನೂ ಅನ್ಸುತ್ತೆ. ನನಗೆ ಗೊತ್ತು. ಹತ್ತೊಂಬತ್ತು ವರ್ಷದ ಹಿಂದೆ ನನ್ನ ಚೆಂಡೂ ಅಲುಗಿರ್ಲಿಲ್ಲ. ನಾನು ಹೆದರಿ ಸುಳ್ಳು ಹೇಳಿದ್ದೆ. ಪಾಠದಿಂದ ನನ್ನ ಚಿತ್ರ ತೆಗೆದುಹಾಕಿ."

"ಸಾರ್, ಏನ್ ಹೇಳ್ತಿದ್ದೀರಾ ಸಾರ್, ಲೈವ್ ಇದೆ!" ಎಂದು ನಿರ್ದೇಶಕ ಕಿರುಚಿದ. ಸತ್ಯಣ್ಣ ಕಿವಿಯ ಯಂತ್ರ ತೆಗೆದು ಮೇಜಿನ ಮೇಲಿಟ್ಟ. ಅಕ್ಕನತ್ತ ತಿರುಗುವ ಧೈರ್ಯವಾಗಲಿಲ್ಲ. ಹನ್ನೊಂದು ವರ್ಷ ಹೊತ್ತವಳ ಗೆಲುವನ್ನೂ ಅವನು ಅವತ್ತು ಕೈಯಾರೆ ಬಿಸಾಡಿದ್ದ.

ಪರದೆಯಲ್ಲಿ ರೆಫರಿ ಕೈಯಲ್ಲಿದ್ದ ಪುಟ್ಟ ಟೀವಿ ನೋಡಿ, ಹುಡುಗಿಗೂ ತೋರಿಸಿ, ತಲೆ ಆಡಿಸಿದರು. ಪೆನಾಲ್ಟಿ ಇಲ್ಲ. ಆಡಬೇಕು. ಹುಡುಗಿಯ ಮುಖ ಬಿಳಿಚಿಕೊಂಡಿತು. ಅವಳು ಮತ್ತೆ ಚೆಂಡಿನ ಬಳಿ ನಿಂತಳು, ಓಡಲು ದಾರಿಯಿರಲಿಲ್ಲ.

ಆಗ ಸತ್ಯಣ್ಣನ ಮುಂದೆ ಒಂದು ಚೀಟಿ ಜಾರಿ ಬಂತು. ಅದೇ ಪೆನ್ಸಿಲು, ಅದೇ ದುಂಡು ಅಕ್ಷರ. "ಎರಡು ಬೆರಳು ಎಡಕ್ಕೆ. ಮೆತ್ತಗೆ."

ಅವನು ಅದನ್ನು ಓದಿದ, ಮೊದಲು ಮನಸ್ಸಿನಲ್ಲಿ, ಆಮೇಲೆ ಜೋರಾಗಿ. "ಎರಡು ಬೆರಳು ಎಡಕ್ಕೆ ಹೊಡೀಬೇಕಂತೆ. ಮೆತ್ತಗೆ. ನಮ್ಮಕ್ಕ ಹೇಳ್ತಿದ್ದಾಳೆ."

ಹುಡುಗಿಗೆ ಇದೇನೂ ಕೇಳಿಸಲಿಲ್ಲ, ಅರ್ಧ ಮೈಲಿ ದೂರ. ಆದರೂ ಅವಳ ಚೆಂಡು ಗುಳಿಯ ಎಡಕ್ಕೆ, ಎರಡೇ ಎರಡು ಬೆರಳು ಎಡಕ್ಕೆ ಹೊರಟಿತು. ಉದ್ದ ಹುಲ್ಲು ದಾಟಿತು, ನುಣುಪಿಗೆ ಇಳಿಯಿತು, ಇಳಿಜಾರು ಹಿಡಿದು ಮೆಲ್ಲನೆ ಬಲಕ್ಕೆ ವಾಲಿತು. ಚೆಂಡು ಉರುಳಿತು, ಉರುಳಿತು, ಕೊನೆಗೆ ಗುಳಿಯೊಳಗೆ ಬಿತ್ತು. ಎರಡನೆಯ ಹೊಡೆತ ಬೇಕೇ ಆಗಲಿಲ್ಲ.

ಹೊರಗೆ ಜನರ ಕೂಗು ಆ ದಪ್ಪ ಬಟ್ಟೆಯ ಗೋಡೆಯನ್ನೂ ದಾಟಿ ಒಳಗೆ ಬಂತು. ಅಕ್ಕ ಮೈಕಿನ ಗುಂಡಿ ಒತ್ತಿ ಮುಚ್ಚಿದಳು. ಅವಳ ತಗ್ಗಿದ ಬಲಭುಜ ನಡುಗುತ್ತಿತ್ತು.

"ಗೊತ್ತಿತ್ತಾ ನಿಂಗೆ?" ಎಂದು ಅವನು ಕೇಳಿದ.

"ಪಕ್ಕದಲ್ಲೇ ನಿಂತಿದ್ನಲ್ಲೋ, ಕಣ್ಣಿರ್ಲಿಲ್ವಾ ನಂಗೆ?" ಎಂದು ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಪರದೆಯಲ್ಲಿ ಹುಡುಗಿ ಗುಳಿಯಿಂದ ಚೆಂಡು ಎತ್ತಿಕೊಳ್ಳುತ್ತಿದ್ದಳು. ಅಕ್ಕ ಅದನ್ನೇ ನೋಡುತ್ತ ಹೇಳಿದಳು, "ಹೀಗೆ ಹೊಡೆದಿದ್ರೆ ನಿಂದೂ ಒಳಗೆ ಹೋಗ್ತಿತ್ತು ಕಣೋ."