ನಂದಾದೀಪಕ್ಕೊಂದು ಫ್ಯೂಸು

"ದೇವರಿಗೆ ಫ್ಯೂಸ್ ಹಾಕ್ತೀಯೇನ ನೀ? ದೇವರಿಗೆ?"

ಅಮರೇಶಪ್ಪ ಕೈಯಲ್ಲಿದ್ದ ಇಕ್ಕಳವನ್ನು ಬೆಂಚಿಗೆ ಬಡಿದು ಕೇಳಿದ. ಸುಮೊ ಗಾಡಿಯ ಬಾನೆಟ್ಟಿನೊಳಗೆ ಬಗ್ಗಿದ್ದ ಶಿವದೇವಿ ತಲೆ ಎತ್ತಲಿಲ್ಲ.

"ದೇವರಿಗಲ್ಲ ಭಾವಾರ, ತಂತಿಗೆ. ದೇವರಿಗೆ ಬೆಂಕಿ ಹತ್ತಿದ್ರ ಅಂವ ನೋಡ್ಕೋತಾನ. ತಂತಿಗೆ ಹತ್ತಿದ್ರ ಒಳಗ ಕುಂತವರು ಸುಡ್ತಾರ."

"ಬಾಯಿ ನೋಡು ಬಾಯಿ. ವೈರ್ ಫ್ಯಾಕ್ಟರ್ಯಾಗ ಕ್ಲಿಪ್ ಒತ್ತಿ ಬಂದಾಕಿ, ನನಗ ಕೆಲಸ ಕಲಿಸಾಕತ್ತಾಳ."

"ಕಲಿಸಾಕ ನನಗ ಪುರಸತ್ತಿಲ್ರಿ. ಕಲಿಯೋ ಮನಸ್ಸು ನಿಮಗಿಲ್ಲ."

"ಅಂಗಡ್ಯಾಗ ಹೆಂಗಸು ಜೋರು ಮಾತಾಡಬಾರದು. ಈ ಅಂಗಡಿ ನಂದು."

"ನಂದು ನಂದು ಅನಬ್ಯಾಡ್ರಿ, ದೀಪ ನಂದೀತು."

ಪಕ್ಕದ ಗಾಡಿಗೆ ಒರಗಿ ನಿಂತಿದ್ದ ಇಬ್ಬರು ಡ್ರೈವರುಗಳು ಕನ್ನಡ ಅರ್ಧ ತಿಳಿದೂ ಪೂರ್ತಿ ನಕ್ಕರು. ಅಮರೇಶಪ್ಪನ ಕಿವಿ ಕೆಂಪಾಯಿತು.

ಸನತ್‌ನಗರದ ಕಾರ್ಖಾನೆಗಳ ಹಿಂದಿನ ಸಾಲಿನಲ್ಲಿದ್ದ ಆ ಆಟೊ ಎಲೆಕ್ಟ್ರಿಕ್ ಅಂಗಡಿಯನ್ನು ಕಟ್ಟಿದವನು ಶಾಂತಪ್ಪ, ಶಿವದೇವಿಯ ಗಂಡ. ಅವನು ಎದೆನೋವಿನಿಂದ ಹೋದ ಮೇಲೆ, ಅಂಗಡಿಗೊಬ್ಬ ಗಂಡಸು ಬೇಕೇ ಬೇಕು ಎಂದು ನೆಂಟರೆಲ್ಲ ಸೇರಿ ಲಿಂಗಸೂಗೂರಿನಿಂದ ಅವನ ಅಣ್ಣ ಅಮರೇಶಪ್ಪನನ್ನು ಕರೆತಂದು ಕೂರಿಸಿದ್ದರು. ಅಮರೇಶಪ್ಪ ಊರಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವನು. ಅಲ್ಲಿ ಫ್ಯೂಸು ಹೋಯಿತೆಂದರೆ ದಪ್ಪ ತಾಮ್ರದ ತಂತಿ ಸುತ್ತಿ ಬಿಟ್ಟರೆ ಮುಗಿಯಿತು. ಮೋಟರ್ ಸುಟ್ಟರೆ ಮತ್ತೆ ಅವನಿಗೇ ಕೆಲಸ. ಆ ಬುದ್ಧಿಯನ್ನು ಗಂಟು ಕಟ್ಟಿಕೊಂಡೇ ಹೈದರಾಬಾದಿಗೆ ಬಂದಿದ್ದ. ಯಾವ ಗಾಡಿ ಬಂದರೂ ಅವನದು ಒಂದೇ ಮಂತ್ರ, ಡೈರೆಕ್ಟ್. ಹಲ್ಲಿನಿಂದ ತಂತಿಯ ಸಿಪ್ಪೆ ಕಚ್ಚಿ ತೆಗೆಯುವುದು, ಎರಡು ತುದಿ ಹೊಸೆಯುವುದು, ಮೇಲೊಂದಿಷ್ಟು ಟೇಪು.

ಶಿವದೇವಿ ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು. ಮದುವೆಯಾಗಿ ಬಂದ ಮೇಲೆ ಅದೇ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಗಾಡಿಗಳಿಗೆ ಹೋಗುವ ತಂತಿಯ ಕಟ್ಟುಗಳನ್ನು ಜೋಡಿಸಿದವಳು. ಅಲ್ಲಿ ಪ್ರತಿ ತುದಿಯನ್ನೂ ಜಗ್ಗಿ ನೋಡುತ್ತಿದ್ದರು. ಕಿತ್ತು ಬಂದರೆ ಮೇಸ್ತ್ರಿ ಬೈಯುತ್ತಿದ್ದ. ಆಕೆಗೆ ಬೈಸಿಕೊಳ್ಳುವುದು ಆಗದ ಮಾತು, ಹಾಗಾಗಿ ಆಕೆಯ ತುದಿಗಳು ಕಿತ್ತು ಬರುತ್ತಿರಲಿಲ್ಲ. ಸಿಟ್ಟಿನ ಹೆಂಗಸು. ಸಿಟ್ಟು ಬಂದಾಗ ಕೈ ಇನ್ನೂ ನೇರವಾಗುತ್ತಿತ್ತು.

ಆ ವಾರ ಮಳಿಗೆಯ ಕರಾರು ಹೊಸದಾಗಬೇಕಿತ್ತು. ಯಾರ ಹೆಸರಿಗೆ ಎಂಬುದೇ ಪ್ರಶ್ನೆ. ಅಮರೇಶಪ್ಪನ ಹೆಸರಿಗಾದರೆ ಶಿವದೇವಿ ಮತ್ತೆ ಕಾರ್ಖಾನೆಯ ಬಾಗಿಲಿಗೆ ಹೋಗಿ ನಿಲ್ಲಬೇಕು. ಮಳಿಗೆಯ ಮಾಲೀಕ ಈ ವಿಷಯದಲ್ಲಿ ಒಬ್ಬರ ಮಾತು ಮಾತ್ರ ಕೇಳುತ್ತಿದ್ದ. ಅವರು ವೀರಭದ್ರಪ್ಪ, ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾದವರು, ಶಾಂತಪ್ಪನಿಗೆ ಈ ಮಳಿಗೆ ಕೊಡಿಸಿದವರು. ಈಗ ಬಾನೆಟ್ ತೆರೆದು ನಿಂತಿದ್ದ ಸುಮೊ ಕೂಡ ಅವರದೇ.

ಅದು ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ನಾಯಿಕೊಡೆಯಂತೆ ಏಳುತ್ತಿದ್ದ ಕಾಲ. ಕೈಯಲ್ಲಿ ಸ್ವಲ್ಪ ಹಣವಿದ್ದವರೆಲ್ಲ ಒಂದು ಗಾಡಿ ಕೊಂಡು, ಡ್ರೈವರನ್ನಿಟ್ಟು, ಕಂಪನಿಯ ಹುಡುಗ ಹುಡುಗಿಯರನ್ನು ಕರೆತರಲು ಬಿಡುತ್ತಿದ್ದರು. ವೀರಭದ್ರಪ್ಪನವರೂ ಬಿಟ್ಟರು. ಮಂಜಿನ ದೀಪ, ಜೋಡಿ ಹಾರ್ನು, ಮೊಬೈಲ್ ಚಾರ್ಜರು ಬೇಕೆಂದರು. ಅದೆಲ್ಲ ಸರಿ. ತೊಡಕು ಬಂದದ್ದು ಅವರ ಹೆಂಡತಿ ಕಮಲಾಕ್ಷಿಯ ಆಸೆಯಿಂದ. ಡ್ಯಾಶ್‌ಬೋರ್ಡಿನ ಮೇಲೆ ಎತ್ತಿನ ರೂಪದ ಅಮೃತಶಿಲೆಯ ಬಸವಣ್ಣ, ಸುತ್ತ ಸಣ್ಣ ಬಲ್ಬುಗಳ ಪ್ರಭಾವಳಿ. ಗಾಡಿ ನಿಂತಿರಲಿ, ಓಡಲಿ, ಆ ದೀಪ ಆರಬಾರದು. ನಂದಾದೀಪ.

"ಕೀಲಿ ತಗದ್ರೂ ಉರಿಯಬೇಕು, ಅಷ್ಟ," ಎಂದು ಆಕೆ ಹೇಳಿ ಹೋಗಿದ್ದರು.

"ಹಂಗಾದ್ರ ಬ್ಯಾಟರಿಯಿಂದ ಡೈರೆಕ್ಟ್," ಎಂದಿದ್ದ ಅಮರೇಶಪ್ಪ. ನಡುವೆ ಫ್ಯೂಸು ಬಂದರೆ ಯಾವಾಗಲೋ ಒಂದು ದಿನ ಅದು ಹೋಗುತ್ತದೆ, ದೀಪ ಆರುತ್ತದೆ, ಅಪಶಕುನ. ಇದು ಅವನ ವಾದ.

ಜಗಳ ಅಲ್ಲಿಗೇ ನಿಲ್ಲಲಿಲ್ಲ, ಕೆಲಸವೂ ನಿಲ್ಲಲಿಲ್ಲ. ಹಾರ್ನು, ಮಂಜಿನ ದೀಪ, ಚಾರ್ಜರು ಶಿವದೇವಿಯ ಪಾಲಿಗೆ ಬಂದವು. ಬಸವಣ್ಣನ ತಂತಿಯನ್ನು ಅಮರೇಶಪ್ಪ ತಾನೇ ಎಳೆದ. ಎಂಜಿನ್ನಿಗೂ ಒಳಗೂ ನಡುವೆ ಇರುವ ತಗಡಿಗೆ ಡ್ರಿಲ್ಲು ಹಾಕಿ ಹೊಸ ತೂತು ಕೊರೆದ, ಅದರೊಳಗೆ ತಂತಿ ತೂರಿಸಿ ಬಿಗಿದು ಎಳೆದ. ತೂತಿನ ಅಂಚಿಗೆ ಅರ ಹಚ್ಚಲಿಲ್ಲ, ರಬ್ಬರಿನ ಬಳೆ ತೊಡಿಸಲಿಲ್ಲ. ಅವನು ಕೈ ತೊಳೆಯಲು ನಲ್ಲಿಗೆ ಹೋದಾಗ ಶಿವದೇವಿ ಬ್ಯಾಟರಿಯ ಬಳಿ ಆ ತಂತಿಯನ್ನು ಕತ್ತರಿಸಿ ನಡುವೆ ಒಂದು ಫ್ಯೂಸು ಕೂರಿಸಿಬಿಟ್ಟಳು. ಯಾರನ್ನೂ ಕೇಳಲಿಲ್ಲ. ಕೇಳುವ ಜಾಯಮಾನ ಆಕೆಯದಲ್ಲ.

ಮಧ್ಯಾಹ್ನ ವೀರಭದ್ರಪ್ಪ ಹೆಂಡತಿಯನ್ನು ಕೂರಿಸಿಕೊಂಡು ಎರ್ರಗಡ್ಡದವರೆಗೆ ಒಂದು ಸುತ್ತು ಹೋದರು. ರಸ್ತೆಯ ತುಂಬ ಗುಂಡಿ. ತಿರುಗಿ ಬಂದಾಗ ಕಮಲಾಕ್ಷಿಯ ಮುಖದಲ್ಲಿ ರಕ್ತವಿರಲಿಲ್ಲ.

"ದೀಪ ಹೋತು," ಎಂದರು. "ನಾ ನೋಡಿಕೋತ ಕುಂತಿದ್ದೆ. ಕಣ್ಣ ಮುಂದ ಹೋತು."

ಅಮರೇಶಪ್ಪ ಬಾನೆಟ್ ಎತ್ತಿದ. ತನ್ನ ತಂತಿಯ ನಡುವೆ ಕೂತಿದ್ದ ಫ್ಯೂಸು ಕಣ್ಣಿಗೆ ಬಿತ್ತು. ಒಳಗಿನ ಎಳೆ ಕರಗಿ ಕಪ್ಪಾಗಿತ್ತು. ಅವನ ಮುಖ ಹಬ್ಬದ ಮುಖವಾಯಿತು.

"ನೋಡ್ರಿ ವೀರಭದ್ರಪ್ಪನವರ, ನೋಡ್ರಿ. ನಾ ಬ್ಯಾಡ ಬ್ಯಾಡ ಅಂದ್ರೂ ಕದ್ದು ಹಾಕ್ಯಾಳ. ಕುಂಕುಮ ಇಲ್ಲದಾಕಿ ಕೈ ಹಚ್ಚಿದ್ರ ದೇವರ ಮುಂದ ದೀಪ ನಿಲ್ತೈತೇನು? ಇಂಥಾಕಿ ಹೆಸರಿಗೆ ಅಂಗಡಿ ಬರಸ್ತೀರಿ ನೀವು?"

ಕಮಲಾಕ್ಷಿ ಸೆರಗನ್ನು ಭುಜದ ಮೇಲೆ ಎಳೆದುಕೊಂಡು ಮುಖ ತಿರುಗಿಸಿದರು. ಅದು ಶಿವದೇವಿಗೆ ಅಮರೇಶಪ್ಪನ ಮಾತಿಗಿಂತ ಹೆಚ್ಚು ಚುಚ್ಚಿತು. ಆದರೂ ಆಕೆ ನೋಡುತ್ತಿದ್ದುದು ಸುಟ್ಟ ಫ್ಯೂಸನ್ನು.

"ಫ್ಯೂಸ್ ಸುಮ್ನ ಸಾಯಂಗಿಲ್ಲ," ಎಂದಳು. "ತಂತಿ ಎಲ್ಲೋ ಗಾಡಿ ತಗಡಿಗೆ ತಾಗೈತಿ. ಮೊದಲು ಅದನ್ನ ಹುಡುಕಬೇಕು. ಅಲ್ಲಿತನಕ ಯಾರೂ ಜೋಡಿಸಬ್ಯಾಡ್ರಿ. ಅವ್ವಾರ, ನೀವು ಗಾಡಿಯಿಂದ ಕೆಳಗ ಇಳೀರಿ."

"ಹುಡುಕೋದೇನೈತಿ? ಹಾಳು ಮಾಡಿದ್ದು ಇದ," ಎಂದ ಅಮರೇಶಪ್ಪ. ಇಕ್ಕಳದಿಂದ ಫ್ಯೂಸಿನ ಗೂಡನ್ನೇ ಕಚ್ಚಿ ಕತ್ತರಿಸಿ ಚರಂಡಿಗೆ ಎಸೆದ.

ಕಮಲಾಕ್ಷಿ ಯಾಕೋ ಇಳಿದರು. ಶಿವದೇವಿ ವಾದ ಮಾಡಲಿಲ್ಲ. ಸ್ಪ್ಯಾನರು ತೆಗೆದುಕೊಂಡು ಬ್ಯಾಟರಿಯ ಮೈನಸ್ ಕಡೆಯ ಬೋಲ್ಟನ್ನು ಸಡಿಲಿಸಿ, ತಂತಿಯ ಹಿಡಿಯ ಮೇಲೆ ಕೈಯಿಟ್ಟು ನಿಂತಳು.

ಅಮರೇಶಪ್ಪ ಎರಡು ತುದಿ ಸೇರಿಸಿ ಹೊಸೆದ. ಚಟ್ಟೆಂದು ನೀಲಿ ಕಿಡಿ ಹಾರಿತು.

"ಕರೆಂಟ್ ಐತಿ ನೋಡ್ರಿ," ಎಂದು ನಕ್ಕ.

ನಗು ಮುಗಿಯುವ ಮೊದಲೇ ತಂತಿಯ ಕೆಂಪು ಸಿಪ್ಪೆ ಬೆಣ್ಣೆಯಂತೆ ಮೆತ್ತಗಾಯಿತು. ತಗಡಿನ ತೂತಿನಿಂದ ಒಳನುಗ್ಗಿದ ಹೊಗೆ ಬಸವಣ್ಣನ ಪೀಠದ ಕೆಳಗಿನಿಂದ ಎದ್ದಿತು, ಮೊದಲು ಊದುಬತ್ತಿಯಷ್ಟು, ಆಮೇಲೆ ಒಲೆಯಷ್ಟು. ಸುಟ್ಟ ಪ್ಲಾಸ್ಟಿಕ್ಕಿನ ನಾತ ಬೀದಿಗೆಲ್ಲ ಹರಡಿತು. ಅಮರೇಶಪ್ಪ ತಂತಿಯನ್ನು ಹಿಡಿದು ಜಗ್ಗಲು ಹೋಗಿ ಬೆರಳು ಸುಟ್ಟುಕೊಂಡ, ಒದ್ದೆ ಬಟ್ಟೆಗಾಗಿ ಕೂಗಿದ, ಬ್ಯಾಟರಿಗೆ ಅಡ್ಡ ನಿಂತ.

"ಕೈ ತಗಿ," ಎಂದಳು ಶಿವದೇವಿ. "ಸರಿ ಆ ಕಡೆ."

ಮೊಣಕೈಯಿಂದ ಅವನನ್ನು ನೂಕಿ ಮೈನಸ್ ಹಿಡಿಯನ್ನು ಕಿತ್ತು ಮೇಲೆತ್ತಿದಳು. ಅಷ್ಟೇ. ಹೊಗೆ ಒಂದೆರಡು ಸಲ ಸುತ್ತಿ ತೆಳುವಾಯಿತು, ನಿಂತಿತು. ಬಸವಣ್ಣನ ಒಂದು ಕೊಂಬು ಮಾತ್ರ ಮಸಿಯಾಗಿತ್ತು.

"ಮೈನಸ್ ತಗದ್ರ ಇಡೀ ಗಾಡಿ ಸತ್ತಂಗ," ಎಂದು ಉಸಿರು ಬಿಡುತ್ತ ಹೇಳಿದಳು. "ಸತ್ತ ತಂತಿ ಸುಡಂಗಿಲ್ಲ. ಬರ್ರಿ, ಈಗ ನೋಡೋಣು."

ವೀರಭದ್ರಪ್ಪನ ಕೈಗೆ ಟಾರ್ಚು ಕೊಟ್ಟು ತಗಡಿನ ತೂತು ತೋರಿಸಿದಳು. ಡ್ರಿಲ್ಲಿನ ಅಂಚು ಕತ್ತಿಯಂತಿತ್ತು. ಗುಂಡಿಗೊಂದರಂತೆ ಕೊಯ್ದು ಕೊಯ್ದು ಸಿಪ್ಪೆ ಹರಿದು, ಬರಿ ತಾಮ್ರ ತಗಡಿಗೆ ಮುತ್ತಿಕ್ಕಿತ್ತು.

"ರಸ್ತ್ಯಾಗ ಇದ ಆಗಿತ್ತು," ಎಂದಳು. "ಅವಾಗ ಫ್ಯೂಸ್ ಇತ್ತು, ಅದು ಸತ್ತು ನಿಮ್ಮಿಬ್ಬರನ್ನ ಉಳಿಸಿತು. ಈಗ ಇರಲಿಲ್ಲ, ಏನಾತು ನೋಡಿದ್ರಿ."

ವೀರಭದ್ರಪ್ಪ ಟಾರ್ಚು ಆರಿಸುವುದನ್ನು ಮರೆತು ನಿಂತರು. ಕಮಲಾಕ್ಷಿ ಮೆಲ್ಲಗೆ ಹತ್ತಿರ ಬಂದರು.

"ಅಲ್ಲ ತಂಗಿ, ನೀ ಹೇಳೋದು ಖರೆ. ಆದ್ರ ನಂದಾದೀಪ ಅಂದ ಮ್ಯಾಲ ನಂದಬಾರದಲ್ಲ?"

"ಗುಡ್ಯಾಗ ನಂದಾದೀಪದ ಬಾಜೂಕ ಪೂಜಾರಿ ಮಲಗಿರ್ತಾನ್ರಿ ಅವ್ವಾರ. ಪರದೆಗೆ ಕಿಡಿ ಹಾರಿದ್ರ ಅಂವ ಮೊದಲು ದೀಪ ಆರಸ್ತಾನ, ಆಮ್ಯಾಲ ದೇವರ ತಪ್ಪು ಕೇಳ್ತಾನ. ನಿಮ್ಮ ಗಾಡ್ಯಾಗ ಹಂಗ ಮಲಗೋರು ಯಾರು? ಫ್ಯೂಸ್ ಅಂದ್ರ ಆ ಪೂಜಾರಿನ."

ಕಮಲಾಕ್ಷಿ ಮಸಿಯಾದ ಕೊಂಬನ್ನು ತಮ್ಮ ಸೆರಗಿನಿಂದಲೇ ಒರೆಸಿದರು.

"ಹಂಗಾದ್ರ ಪೂಜಾರಿನ್ನ ಕುಂದ್ರಸವ್ವ. ನೀನ ಕುಂದ್ರಸು. ಬ್ಯಾರೆಯವರು ಕೈ ಹಚ್ಚಬಾರದು."

ಆಮೇಲೆ ಶಿವದೇವಿ ಮಾಡಿದ ಕೆಲಸವನ್ನು ಸನತ್‌ನಗರದ ಆ ಸಾಲಿನ ಡ್ರೈವರುಗಳು ಚಹಾ ತಣ್ಣಗಾಗಲು ಬಿಟ್ಟು ನೋಡಿದರು. ಸುಟ್ಟ ತಂತಿಯನ್ನು ಬೇರು ಸಮೇತ ಎಳೆದು ಬಿಸಾಡಿದಳು. ತೂತಿನ ಅಂಚನ್ನು ಅರದಿಂದ ಉಜ್ಜಿ, ಬೆರಳಾಡಿಸಿ ನೋಡಿ, ರಬ್ಬರಿನ ಬಳೆ ತೊಡಿಸಿದಳು. ಹೊಸ ತಂತಿಗೆ ಕೊಳವೆಯ ಅಂಗಿ ಹಾಕಿ, ಬಿಸಿ ಎಂಜಿನ್ನಿಗೂ ಸ್ಟೀರಿಂಗಿನ ಕಂಬಕ್ಕೂ ಸೋಕದಂತೆ ದೂರದಿಂದ ತಂದು ಕಟ್ಟಿದಳು. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸು ಕೂರಿಸಿದಳು, ಯಾಕೆಂದರೆ ಅದಕ್ಕೂ ಬ್ಯಾಟರಿಗೂ ನಡುವಿನ ತಂತಿಗೆ ಕಾವಲಿಲ್ಲ, ಅದು ಎಷ್ಟು ಗಿಡ್ಡವಿದ್ದರೆ ಅಷ್ಟು ಒಳ್ಳೆಯದು. ಹೊಸೆಯುವ ಮಾತೇ ಇಲ್ಲ. ಪ್ರತಿ ತುದಿಗೂ ಕ್ಲಿಪ್ ಒತ್ತಿ, ಜಗ್ಗಿ ನೋಡಿದಳು. ಗಾಡಿ ನಾಲ್ಕು ದಿನ ನಿಂತರೆ ಬ್ಯಾಟರಿ ಬರಿದಾಗದಿರಲಿ ಎಂದು ಒಂದು ಸ್ವಿಚ್ಚನ್ನೂ ಇಟ್ಟಳು. ಎಲ್ಲ ಮುಗಿದ ಮೇಲೆ, ಕೊನೆಗೆ, ಮೈನಸ್.

ಪ್ರಭಾವಳಿ ಹತ್ತಿತು. ಕಮಲಾಕ್ಷಿ ಕೈ ಮುಗಿದರು.

"ಇನ್ನೂ ಮುಗದಿಲ್ರಿ," ಎಂದಳು ಶಿವದೇವಿ. ಎಲ್ಲರ ಎದುರೇ ದೀಪದ ಕಡೆಯ ತುದಿಯನ್ನು ಬಿಚ್ಚಿ ಬೇಕೆಂದೇ ತಗಡಿಗೆ ಮುಟ್ಟಿಸಿದಳು. ಟಿಕ್ ಎಂದಿತು. ಅಷ್ಟೇ ಸದ್ದು. ಹೊಗೆಯಿಲ್ಲ, ನಾತವಿಲ್ಲ. ತಂತಿಯನ್ನು ವೀರಭದ್ರಪ್ಪನ ಕೈಯಿಂದ ಮುಟ್ಟಿಸಿದಳು. ತಣ್ಣಗಿತ್ತು. ತುದಿಯನ್ನು ಮತ್ತೆ ಜೋಡಿಸಿ ಹೊಸ ಫ್ಯೂಸು ಹಾಕಿದಳು, ದೀಪ ಮತ್ತೆ ಹತ್ತಿತು.

"ವಾಹ್ ಅಕ್ಕಾ," ಎಂದ ಒಬ್ಬ ಡ್ರೈವರು. "ಮೇರೀ ಗಾಡೀ ಭೀ ದೇಖೋ. ಅದೂ ಡೈರೆಕ್ಟ್ ಐತಿ, ಇವರ ಮಾಡಿದ್ದು."

"ನಂದೂ," ಎಂದ ಇನ್ನೊಬ್ಬ.

ವೀರಭದ್ರಪ್ಪ ಟಾರ್ಚು ಆರಿಸಿ ಬೆಂಚಿನ ಮೇಲಿಟ್ಟರು. "ಮಳಿಗೆ ಮಾಲೀಕರ ಹತ್ರ ಇವತ್ತ ಮಾತಾಡ್ತೀನಿ. ಶಿವದೇವಿ ಹೆಸರಿಗೆ ಬರೀಲಿ. ಅಮರೇಶಪ್ಪ, ನೀ ಆಕಿ ಕೈ ಕೆಳಗ ಇದ್ದು ಕಲಿ. ತಪ್ಪೇನಿಲ್ಲ."

ಅಷ್ಟು ಹೊತ್ತು ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದ ಅಮರೇಶಪ್ಪ ಬೆರಳು ತೆಗೆದ. ಹೊಗೆಯ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಅವನನ್ನು ಸುಡುತ್ತಿದ್ದುದು ಬೇರೆ.

"ಅದಿರಲಿ. ಈಕಿ ನನಗ ಕೈ ತಗಿ ಅಂದ್ಲು. ಸರಿ ಆ ಕಡೆ ಅಂದ್ಲು. ಭಾವಗ ಏಕವಚನ. ಇಷ್ಟು ಮಂದಿ ಮುಂದ."

"ಬೆಂಕಿ ಹತ್ತಿದಾಗ 'ರಿ' ಹಚ್ಚಾಕ ಎಲ್ಲಿ ಹೊತ್ತೋ ಮಾರಾಯ?" ಎಂದರು ವೀರಭದ್ರಪ್ಪ.

"ಅದೆಲ್ಲ ನನಗ ಗೊತ್ತಿಲ್ಲ. ತಪ್ಪಾತ್ರಿ ಅಂತ ಅನ್ಲಿ. ಇಲ್ಲಂದ್ರ ನಾ ಈಗಿಂದೀಗ ಹೊಂಟೆ. ಗಂಡಸಿಲ್ಲದ ಅಂಗಡಿಗೆ ಯಾರ ಬರ್ತಾರ ನೋಡ್ತೀನಿ."

ಎಲ್ಲರೂ ಶಿವದೇವಿಯ ಕಡೆ ತಿರುಗಿದರು. ಆಕೆ ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಂಡಳು, ಬೆರಳು ಬೆರಳಾಗಿ, ಅವಸರವಿಲ್ಲದೆ. ಇಷ್ಟು ದಿನ ಆಕೆ ಬೈದದ್ದೆಲ್ಲ 'ರಿ' ಹಚ್ಚಿಯೇ ಬೈದದ್ದು. ಈಗಲೂ ಬಿಡಲಿಲ್ಲ.

"ಹೋಗಿ ಬರ್ರಿ ಅನ್ನಂಗಿಲ್ಲ ಭಾವಾರ," ಎಂದಳು. "ಹೋಗ್ರಿ."

ಡ್ರೈವರುಗಳು ನಗಲಿಲ್ಲ. ನಗು ಬಂದಿದ್ದರೂ ತಡೆದುಕೊಂಡರು. ಅಮರೇಶಪ್ಪ ಮೊಳೆಗೆ ಹಾಕಿದ್ದ ತನ್ನ ಅಂಗಿ ತೆಗೆದು ತೊಟ್ಟುಕೊಂಡ, ಗುಂಡಿಗಳನ್ನು ಒಂದೊಂದಾಗಿ ಹಾಕಿದ, ಯಾರಾದರೂ ತಡೆಯಲೆಂದು ಕೊನೆಯ ಗುಂಡಿಗೆ ಬಹಳ ಹೊತ್ತು ತೆಗೆದುಕೊಂಡ. ಶಿವದೇವಿ ಆಗಲೇ ಮುಂದಿನ ಗಾಡಿಯ ಬಾನೆಟ್ ಎತ್ತಿ ಮೈನಸ್ ಬೋಲ್ಟಿಗೆ ಸ್ಪ್ಯಾನರು ಕೊಟ್ಟಿದ್ದಳು.

ಅವನು ಕಾರ್ಖಾನೆಯ ಗೋಡೆಯುದ್ದಕ್ಕೂ ನಡೆದ. ತಿರುವಿನಲ್ಲಿ ಒಮ್ಮೆ ನಿಂತ. ಬಸ್ಸು ಬಂತು, ಹತ್ತಿದ. ಲಿಂಗಸೂಗೂರಿಗೆ ಹೋದನೋ, ಬೇಗಂ ಬಜಾರಿನ ಯಾವುದಾದರೂ ಅಂಗಡಿಯಲ್ಲಿ ಸೇರಿಕೊಂಡನೋ ಆ ಸಾಲಿನವರಿಗೆ ತಿಳಿಯಲಿಲ್ಲ. ಅವನು ಮತ್ತೆ ಬರಲಿಲ್ಲ.